ಅಕ್ಕನ ಹತ್ರ ಕೇಳಿ: ಬಳಚೇ ಸಿಗದಿದ್ರೆ ಥೀಸಿಸ್ ಎಂತ ಬರೆಯೂದು?

ಪ್ರಶ್ನೆ: ಅಕ್ಕಾ, ನಾನು ಶಿರಸಿ ಕಡೆಯವಳು, ಪಿಎಚ್‌ಡಿ ನಾಲ್ಕನೇ ವರ್ಷ. ಅಘನಾಶಿನಿ ಹೊಳೆ ಸಮುದ್ರ ಸೇರೋ ಅಳಿವೆಯ ಬಳಚಿನ (ರಾಡಿಯಲ್ಲಿ ಸಿಗೋ, ತಿನ್ನೋ ಚಿಪ್ಪಿನ ಜೀವಿ) ಮೇಲೆ ಕೆಲಸ. ಎರಡು ವರ್ಷದಿಂದ ನಾನು ಆರಿಸಿಕೊಂಡ ಜಾಗದಲ್ಲಿ ಬಳಚೇ ಸಿಕ್ತಾ ಇಲ್ಲ, ಇಳಿತದ ಟೈಮ್ ನೋಡ್ಕೊಂಡು ಬೆಳಗಾಮುಂಚೆ ಹೋಗಿ ಮೊಣಕಾಲು ತನಕ ರಾಡಿಯಲ್ಲಿ ನಿಂತು ಬರೀ ಖಾಲಿ ಚಿಪ್ಪು ಹೊತ್ಕೊಂಡು ಬರ್ತೀನಿ. ಫೆಲೋಶಿಪ್ ಬೇರೆ ಐದು ತಿಂಗಳಿಂದ ಬಂದಿಲ್ಲ. ಮನೆಗೆ ಹೋದ್ರೆ ದೊಡ್ಡಮ್ಮ "ಕೂಸೇ, ಇನ್ನೂ ಓದು ಮುಗದ್ದಿಲ್ಯನೇ?" ಅಂತ ಕೇಳ್ತಾರೆ, ಉತ್ತರ ಹೇಳೋಕಾಗದೆ ಅಡುಗೆಮನೆಗೆ ಹೋಗಿಬಿಡ್ತೀನಿ. ಎಲ್ಲ ಬಿಟ್ಟು ಬಿ.ಎಡ್ ಮಾಡ್ಲಾ?

ಉತ್ತರ: ತಂಗೀ, ನಿನ್ನ ಪತ್ರ ಎರಡು ಸಲ ಓದಿದೆ. ಬಳಚು ಸಿಗಲಿಲ್ಲ ಅನ್ನೋದನ್ನ ನೀನು ಸೋಲು ಅಂತ ತಿಳ್ಕೊಂಡಿದೀಯ, ನನಗೆ ಅದೇ ನಿನ್ನ ಥೀಸಿಸ್ಸಿನ ಮುಖ್ಯ ಅಧ್ಯಾಯ ಅನ್ನಿಸ್ತು. ಯಾವ ದಿನ ಹೋಗಿದ್ದೆ, ಇಳಿತ ಎಷ್ಟೊತ್ತಿಗಿತ್ತು, ಎಣಿಸೋಕೆ ನೆಲದ ಮೇಲಿಡೋ ಚೌಕಟ್ಟು ಎಷ್ಟು ಸಲ ಇಟ್ಟೆ, ನೀರಿನ ಉಪ್ಪು ಎಷ್ಟಿತ್ತು ಇಷ್ಟು ನಿನ್ನ ಫೀಲ್ಡ್ ಪುಸ್ತಕದಲ್ಲಿ ಇದ್ರೆ ಸೊನ್ನೆನೂ ಡಾಟಾನೇ. ಆ ಖಾಲಿ ಚಿಪ್ಪನ್ನೂ ಎಸೀಬೇಡ, ಒಂದೊಂದನ್ನೇ ತೊಳೆದು ವರ್ನಿಯರ್ (ಸಣ್ಣ ಅಳತೆಯ ಸಾಧನ) ಹಿಡಿದು ಅಳತೆ ತಗೋ, ಸತ್ತದ್ದು ಮರಿಯೋ ಬಲಿತದ್ದೋ ಗೊತ್ತಾಗ್ತದೆ. ಜೋರು ಮಳೆಗೆ ಹೊಳೆ ನೀರು ಇಳಿದು ಅಳಿವೆ ತುಂಬಾ ದಿನ ಸಪ್ಪೆಯಾಗೇ ಉಳಿದ್ರೆ ಬಳಚು ಸಾಯ್ತದೆ, ನಿನ್ನ ಜಾಗದಲ್ಲಿ ಆದದ್ದು ಅದೇನಾ ಬೇರೆ ಎಂತದ್ದಾ ಅಂತ ಹೇಳೋಕೆ ನಿನ್ನ ಹತ್ರ ಎರಡು ವರ್ಷದ ಲೆಕ್ಕ ಇದೆಯಲ್ಲ! ಐಗಳಕುರ್ವೆ, ಮಿರ್ಜಾನ ಕಡೆ ಬಳಚು ತೆಗೆಯೋ ಹೆಂಗಸರ ಹತ್ರ ಕೂತು ಮಾತಾಡು, ಯಾವ ಮಳೆಗಾಲದ ನಂತರ ಕಮ್ಮಿ ಆಯ್ತು ಅಂತ ಅವರನ್ನ ಕೇಳು, ಅದನ್ನೂ ಬರ್ಕೋ. ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ, ಅಲ್ಲಿ ಇಲ್ಲದಾಗ್ತಾ ಇರೋದನ್ನ ಬರೆದಿಡೋರು ನಮಗೆ ಬೇಕು.

ಇನ್ನು ದುಡ್ಡು. ನಿನ್ನದು ಯುಜಿಸಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಆದ್ರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) 42,000. ಎಸ್‌ಆರ್‌ಎಫ್‌ಗೆ ಏರಿಸೋ ಕಾಗದ ಹೋಗಿದೆಯಾ, ನೀನು ಕೆಲಸ ಮಾಡ್ತಾ ಇದೀಯ ಅನ್ನೋ ಪ್ರತಿ ತಿಂಗಳ ದೃಢೀಕರಣ ಆಗಿದೆಯಾ ಅಂತ ಆಫೀಸಲ್ಲಿ ಲಿಖಿತವಾಗಿ ಕೇಳು, ಬಾಯಲ್ಲಿ ಕೇಳಿ ವಾಪಸ್ ಬರಬೇಡ. ಟೈಮೂ ಇದೆ, ಯುಜಿಸಿಯ 2022ರ ಪಿಎಚ್‌ಡಿ ನಿಯಮದಲ್ಲಿ ಮುಗಿಸೋಕೆ ಹೆಚ್ಚೆಂದ್ರೆ 6 ವರ್ಷ, ಮರುನೋಂದಣಿಗೆ ಮತ್ತೆ 2, ಹೆಣ್ಮಕ್ಕಳಿಗೆ ಅದರ ಮೇಲೆ ಇನ್ನೂ 2.

ಬಿ.ಎಡ್ ಎಲ್ಲೂ ಓಡಿಹೋಗಲ್ಲ. ಮೊದಲು ಆ ಸೊನ್ನೆಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ ಗೈಡಿಗೆ ತೋರ್ಸು. ದೊಡ್ಡಮ್ಮಂಗೆ ಎರಡು ಚಿಪ್ಪು ತಗೊಂಡು ಹೋಗು, ಅಂಗೈ ಮೇಲಿಟ್ಟು ನೀನು ಎಂತ ಓದ್ತಾ ಇದೀಯ ಅಂತ ಹೇಳು, ಅವ್ರಿಗೆ ಇಷ್ಟು ದಿನ ಯಾರೂ ಹೇಳೇ ಇಲ್ಲ ಅನ್ಸುತ್ತೆ.

ಪ್ರಶ್ನೆ: ದುಡ್ಡು ಕಟ್ಟಿದ್ರೆ ಎರಡೇ ದಿನದಲ್ಲಿ ನಿಮ್ಮ ಸಂಶೋಧನಾ ಪೇಪರ್ ಜರ್ನಲ್ಲಲ್ಲಿ ಹಾಕ್ತೀವಿ ಅಂತ ಮೇಲ್ ಬಂದಿದೆ, ಕಳಿಸ್ಲಾ? (ಕಾರವಾರ)

ಉತ್ತರ: ಬೇಡ. ಎರಡು ದಿನದಲ್ಲಿ ಅದನ್ನ ಸರಿಯಾ ತಪ್ಪಾ ಅಂತ ಯಾರೂ ಓದಿ ನೋಡಿರಲ್ಲ.