ಬಣ್ಣ ಬಳಿದ ಹೊರಗೋಡೆಗೆ ಒರಟು ಕಲ್ಲು ಅಂಟಿಸಬಹುದೇ?

ಮೈಸೂರಿನ ಕುವೆಂಪುನಗರದ ಮನೆಯ ಮುಂಭಾಗಕ್ಕೆ ಅಡ್ಡಾದಿಡ್ಡಿ ಆಕಾರದ ಕಲ್ಲು ಹಾಕಿಸಬೇಕು, ಬಣ್ಣದ ಮೇಲೇ ಅಂಟಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಹಾಗೆ ಮಾಡಿದರೆ ಕಲ್ಲು ಹಿಡಿಯುವುದು ಬಣ್ಣದ ಪದರವನ್ನು, ಗೋಡೆಯನ್ನಲ್ಲ. ಬಣ್ಣ ಪೂರ್ತಿ ಕೆರೆಸಿ, ಅಂಟು ಹಿಡಿಯುವಂತೆ ಗೋಡೆಗೆ ಕಚ್ಚು ಹೊಡೆಸಿ. ತಟ್ಟಿದಾಗ ಟೊಳ್ಳು ಸದ್ದು ಬರುವ ಕಡೆ ಪ್ಲಾಸ್ಟರ್ ಕಿತ್ತು ಹೊಸದಾಗಿ ಮಾಡಿಸಿ.

ಇನ್ನೊಂದು ಮಾತು, ಇದೇ ಮುಖ್ಯ. ಮಂಡ್ಯದ ನಮ್ಮ ಕಾಂಪೌಂಡಿನಿಂದ ಬಿದ್ದ ಕಲ್ಲೊಂದನ್ನು ತಿರುಗಿಸಿ ನೋಡಿದ್ದೆ: ಗಾರೆಯೆಲ್ಲ ಗೋಡೆಯಲ್ಲೇ ಉಳಿದಿತ್ತು, ಕಲ್ಲಿನ ಬೆನ್ನಿಗೆ ಹಿಟ್ಟಿನಂಥ ಧೂಳು ಮೆತ್ತಿತ್ತು. ಆದ್ದರಿಂದ ಪ್ರತಿ ಕಲ್ಲಿನ ಹಿಂಭಾಗವನ್ನೂ ಬ್ರಷ್‌ನಿಂದ ತೊಳೆಸಿ. ಪಾಲಿಮರ್ ಬೆರೆತ ಸ್ಟೋನ್ ಅಡ್ಹೆಸಿವ್ ಅನ್ನು ಗೋಡೆಗೂ ಕಲ್ಲಿಗೂ ಹಚ್ಚಬೇಕು. ಕಲ್ಲಿನ ನಾಲ್ಕು ಮೂಲೆಗೆ ಮಾತ್ರ ಅಂಟಿನ ಉಂಡೆ ಇಟ್ಟು ಒತ್ತುವ ಮೇಸ್ತ್ರಿಯನ್ನು ಅಲ್ಲೇ ತಡೆಯಿರಿ. ಹಾಗೆ ಮಾಡಿದರೆ ಒಳಗೆ ಉಳಿಯುವ ಪೊಳ್ಳಿಗೆ ಮಳೆನೀರು ಇಳಿಯುತ್ತದೆ.

ಅಂಟಿಸುವ ಮೊದಲು ಕಲ್ಲುಗಳನ್ನು ನೆಲದ ಮೇಲೆ ಹರಡಿ ಜೋಡಿಸಿ. ಗೋಡೆಯ ಮೂಲೆಯಿಂದ ಆರಂಭಿಸಿ, ದೊಡ್ಡ ಕಲ್ಲುಗಳನ್ನು ಚದುರಿಸಿ, ಸಂದಿಗಳು ಒಂದೇ ಗೆರೆಯಲ್ಲಿ ಉದ್ದಕ್ಕೆ ಸಾಗದಂತೆ ನೋಡಿಕೊಳ್ಳಿ. ಕಿರುಸಂದಿಗೆ ಸರಿಹೊಂದುವ ಚೂರು ಸಿಗದಿದ್ದರೆ ಸುತ್ತಿಗೆಯಿಂದ ಒಡೆಸಿ. ಕಟರ್‌ನ ನುಣುಪು ಅಂಚು ಕಣ್ಣಿಗೆ ಚುಚ್ಚುತ್ತದೆ. ಮೊದಲ ಮಹಡಿಗೆ ಏರುವ ಕಲ್ಲಿಗೆ, ಭಾರದ ಕಲ್ಲಿಗೆ, ಅಂಟನ್ನಷ್ಟೇ ನಂಬದೆ ಸ್ಟೇನ್‌ಲೆಸ್ ಸ್ಟೀಲ್ ಪಿನ್ ಹಾಕಿಸಿ. ಮೇಲಿನ ಅಂಚಿಗೆ ನೀರು ಹೊರಚೆಲ್ಲುವ ಕೋಪಿಂಗ್ (ಮೇಲ್ಹೊದಿಕೆ) ಬೇಕೇ ಬೇಕು. ಸಂದಿ ತುಂಬಿ ಚೆನ್ನಾಗಿ ಒಣಗಿದ ಮೇಲೆ, ಆವಿ ಹೊರಹೋಗಲು ಬಿಡುವ ಸೀಲರ್ (ನೀರು ಒಳಗಿಳಿಯದಂತೆ ತಡೆಯುವ ಲೇಪ) ಹಚ್ಚಿ.