ಸಂಪಾದಕರ ಉತ್ತರ: ರೆಡ್ ಝೋನ್‌ನ ಹೊಲವೂ ಅಮೆರಿಕದ ಮರಕುಟಿಗವೂ

ತಳವಡೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಅವರ ತಂದೆ ವಿಜಯಪುರದ ಕಡೆಯಿಂದ ಪುಣೆಗೆ ಬಂದು, ಬೆವರು ಸುರಿಸಿ ತಗೊಂಡ ಹೊಲ ಈಗ ದೇಹೂರೋಡ್ ಮದ್ದುಗುಂಡು ಡಿಪೋದ ರೆಡ್ ಝೋನ್‌ನಲ್ಲಿ, ಅಂದರೆ ಕಟ್ಟಡ ಕಟ್ಟುವಂತಿಲ್ಲದ ಗೆರೆಯೊಳಗೆ, ಸಿಕ್ಕಿಕೊಂಡಿದೆ. "ಅಮೆರಿಕದಲ್ಲಿ ಸೈನ್ಯವೇ ಅಕ್ಕಪಕ್ಕದ ರೈತರಿಗೆ ದುಡ್ಡು ಕೊಟ್ಟು ಹೊಲವನ್ನು ಹೊಲವಾಗಿಯೇ ಉಳಿಸುತ್ತದೆ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮಗೇಕೆ ಬರೀ ನಿಷೇಧ? ಗುಂಟೆ ಲೆಕ್ಕದಲ್ಲಿ ಮಾರಿಬಿಡಿ ಅಂತ ಏಜೆಂಟರು ಬೆನ್ನು ಬಿದ್ದಿದ್ದಾರೆ, ಮಾರೋಣವೇ?" ಎಂದು ಕೇಳಿದ್ದಾರೆ.

ಮಾರಬೇಡಿ. ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಅಮೆರಿಕದ ಕತೆ.

ಅದು ಶುರುವಾದದ್ದು ಒಂದು ಮರಕುಟಿಗದಿಂದ. ನಾರ್ತ್ ಕೆರೊಲಿನಾದ ಫೋರ್ಟ್ ಬ್ರ್ಯಾಗ್ ದೊಡ್ಡ ಸೇನಾ ನೆಲೆ. ಅಲ್ಲಿನ ಲಾಂಗ್‌ಲೀಫ್ ಪೈನ್ ಕಾಡಿನಲ್ಲಿ ರೆಡ್-ಕಾಕೇಡೆಡ್ ಎಂಬ ಈ ಮರಕುಟಿಗದ ವಾಸ. ಬೇರೆ ಮರಕುಟಿಗಗಳ ಹಾಗೆ ಸತ್ತ ಮರ ಇದಕ್ಕೆ ಆಗುವುದಿಲ್ಲ, ಬದುಕಿರುವ ಹಳೇ ಪೈನ್ ಮರವೇ ಬೇಕು. ಒಂದು ಪೊಟರೆ ಕೊರೆಯಲು ವರ್ಷಗಳೇ ಹಿಡಿಯುತ್ತವೆ. ಪೊಟರೆಯ ಸುತ್ತ ಕುಕ್ಕಿ ಕುಕ್ಕಿ ಅಂಟು ಸುರಿಯುವಂತೆ ಮಾಡುತ್ತದೆ, ಹಾವು ಹತ್ತಿ ಬರದಂತೆ. ಅಮೆರಿಕದ ಆಗ್ನೇಯ ಭಾಗದಲ್ಲಿ ಒಂದು ಕಾಲಕ್ಕೆ 9 ಕೋಟಿ ಎಕರೆ ಇದ್ದ ಆ ಬಗೆಯ ಕಾಡು ಸುಮಾರು 30 ಲಕ್ಷ ಎಕರೆಗೆ ಇಳಿಯಿತು. ಚೆನ್ನಾಗಿ ಉಳಿದ ಕಡೆಗಳಲ್ಲಿ ಸೇನೆಯ ಫೈರಿಂಗ್ ರೇಂಜ್ (ಗುಂಡು ಹಾರಿಸಿ ತರಬೇತಿ ಮಾಡುವ ಜಾಗ) ಒಂದು. ಯಾಕೆ ಅಂದರೆ ಗುಂಡಿನ ಕಿಡಿಗೆ ಆಗಾಗ ಬೆಂಕಿ ಬಿದ್ದು ಪೊದೆಗಳೆಲ್ಲ ಸುಟ್ಟುಹೋಗುತ್ತಿದ್ದವು. ಆ ಪೈನ್‌ಗೂ ಹಕ್ಕಿಗೂ ಅದೇ ಬೇಕಿತ್ತು.

ಹೊರಗೆ ಮನೆಗಳು ಎದ್ದಷ್ಟೂ ಹಕ್ಕಿಗೆ ರೇಂಜ್ ಒಂದೇ ಗತಿಯಾಯಿತು. ಅಳಿವಿನಂಚಿನ ಜೀವಿಗಳನ್ನು ಕಾಯುವ ಕಾನೂನಿನಿಂದಾಗಿ 1990ರ ಹೊತ್ತಿಗೆ ಸೇನೆಯ ಕೈ ಕಟ್ಟಿಹಾಕಿದಂತಾಯಿತು. ಪೊಟರೆ ಇರುವ ಮರಗಳಿಗೆ ಬಿಳಿ ಪಟ್ಟೆ ಬಳಿದರು. ಅವುಗಳ ಹತ್ತಿರ ಸೈನಿಕರು ಕಂದಕ ತೋಡುವಂತಿಲ್ಲ, ಬೀಡು ಬಿಡುವಂತಿಲ್ಲ. ಆಗ ಸೇನೆಗೆ ಹೊಳೆದದ್ದು ಸುಲಭದ ಲೆಕ್ಕ: ಹೊರಗಿನ ಕಾಡು ಉಳಿದರೆ ಒಳಗಿನ ಕಟ್ಟುಪಾಡು ಸಡಿಲವಾಗುತ್ತದೆ. ಸುತ್ತಲಿನ ನೆಲ ಉಳಿಸಲು 1995ರಲ್ಲಿ ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆಯ ಜೊತೆ ಕೈ ಜೋಡಿಸಿತು. 2002ರ ಕೊನೆಗೆ ಅಮೆರಿಕದ ಸಂಸತ್ತು ಇದಕ್ಕೆ ಕಾನೂನಿನ ಬಲ ಕೊಟ್ಟಿತು. 2006ರಲ್ಲಿ ಅಲ್ಲಿನ ಹಕ್ಕಿಗಳ ಸಂಖ್ಯೆ ಅಂದುಕೊಂಡ ಗುರಿ ಮುಟ್ಟಿತು. ಹಕ್ಕಿಯ ಮೇಲಿನ ಪ್ರೀತಿ ಒಂದರಿಂದಲೇ ಆದದ್ದಲ್ಲ ಇದು, ಸೇನೆಗೆ ತರಬೇತಿ ನಡೆಯಬೇಕಿತ್ತು. ಹಾಗಿದ್ದದ್ದೇ ಒಳ್ಳೇದಾಯಿತು ಅನ್ನಿಸುತ್ತದೆ ನನಗೆ.

ನಿಮಗೆ ಮುಖ್ಯವಾದದ್ದು ಒಪ್ಪಂದದ ಬಗೆ. ರೈತ ಹೊಲ ಮಾರುವುದಿಲ್ಲ. ಅದರಲ್ಲಿ ಮನೆ, ಲೇಔಟ್ ಕಟ್ಟುವ ಹಕ್ಕನ್ನು ಮಾತ್ರ ಮಾರುತ್ತಾನೆ. ಆ ಹಕ್ಕು ಇದ್ದರೆ ಬೆಲೆ ಎಷ್ಟು, ಇಲ್ಲದಿದ್ದರೆ ಎಷ್ಟು, ಅದರ ವ್ಯತ್ಯಾಸ ಅವನ ಕೈ ಸೇರುತ್ತದೆ. ಸೇನೆ ದುಡ್ಡು ಹಾಕುತ್ತದೆ, ಪತ್ರ ಸಾಮಾನ್ಯವಾಗಿ ಟ್ರಸ್ಟ್ ಅಥವಾ ಸ್ಥಳೀಯ ಸರ್ಕಾರದ ಹೆಸರಲ್ಲಿರುತ್ತದೆ. ಒಪ್ಪದವರನ್ನು ಬಲವಂತ ಮಾಡುವುದಿಲ್ಲ. ಆದರೆ ಸಾಮಾನ್ಯವಾಗಿ ಇದು ಶಾಶ್ವತ. ಮೊಮ್ಮಕ್ಕಳೂ ಕಟ್ಟುವಂತಿಲ್ಲ. ಸಾತ್‌ಬಾರಾದಲ್ಲಿ (ಮಹಾರಾಷ್ಟ್ರದ ಪಹಣಿಯಲ್ಲಿ) ಹದಿನಾಲ್ಕು ಹೆಸರಿರುವ ನಮ್ಮ ಮನೆತನಗಳಲ್ಲಿ ಇದಕ್ಕೆ ಎಲ್ಲರ ಸಹಿ ಪಡೆಯುವುದನ್ನು ಸುಮ್ನೆ ಊಹಿಸಿಕೊಳ್ಳಿ!

ಇಲ್ಲಿ ನಡೆಯುವುದು ತಿರುಗಾಮುರುಗಾ. 1903ರ ವರ್ಕ್ಸ್ ಆಫ್ ಡಿಫೆನ್ಸ್ ಕಾಯ್ದೆ ಬ್ರಿಟಿಷರದ್ದು. ಅದರಡಿ ಡಿಪೋ ಸುತ್ತ ಗೆರೆ ಎಳೆದು ಕಟ್ಟಡ ನಿಷೇಧಿಸುತ್ತಾರೆ. ಪರಿಹಾರದ ಮಾತೂ ಕಾಯ್ದೆಯಲ್ಲಿದೆ, ಆದರೆ ನಿಷೇಧ ಬಂದಷ್ಟು ಬೇಗ ಅದು ಬರುವುದಿಲ್ಲ. ಇನ್ನೊಂದು ಮಾತು: ನಿಮ್ಮದು ತರಬೇತಿಯ ರೇಂಜ್ ಅಲ್ಲ, ಸ್ಫೋಟಕಗಳ ಉಗ್ರಾಣ. ಅಲ್ಲಿ ಪ್ರಶ್ನೆ ಹಕ್ಕಿಯದಲ್ಲ, ಜನರ ಜೀವದ್ದು. ಹಾಗಾಗಿ ಗೆರೆಯನ್ನೇ ಅಳಿಸಿ ಎನ್ನುವ ಬೇಡಿಕೆಯ ಜೊತೆ ನಾನಿಲ್ಲ. ದುಡ್ಡು ಕೊಡಿ ಎನ್ನುವುದರ ಜೊತೆ ಖಂಡಿತ ಇದ್ದೇನೆ. ಅಮೆರಿಕದ ದಾರಿ ಹೆಚ್ಚು ಹೊಂದುವುದು ಅಹಿಲ್ಯಾನಗರದ ಕೆ.ಕೆ. ರೇಂಜ್‌ನಂಥ ಕಡೆ. ಅಲ್ಲಿ ಟ್ಯಾಂಕ್‌ಗಳು ಗುಂಡು ಹಾರಿಸುತ್ತವೆ, ಸುತ್ತಲ ಹಳ್ಳಿಯವರಿಗೆ ಭೂಸ್ವಾಧೀನದ ಭಯ. ರಾಜಸ್ಥಾನದ ಪೋಖ್ರಣ್ ಫೈರಿಂಗ್ ರೇಂಜ್‌ನಲ್ಲೂ ಅಷ್ಟೇ, ಅಳಿದುಳಿದ ಹೆಬ್ಬಕಗಳಲ್ಲಿ (ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗಳಲ್ಲಿ) ಕೆಲವು ಅಲ್ಲಿವೆ.

ಕಟ್ಟುವ ಹಕ್ಕನ್ನು ನೆಲದಿಂದ ಬೇರೆ ಮಾಡಿ ಮಾರುವುದು ನಮಗೇನು ಹೊಸದಲ್ಲ. ಟಿ.ಡಿ.ಆರ್. (ಒಂದು ನೆಲದ ಕಟ್ಟುವ ಹಕ್ಕನ್ನು ಬೇರೆ ಕಡೆ ಬಳಸಲು ವರ್ಗಾಯಿಸುವುದು) ಅಂದರೆ ಅದೇ ಅಲ್ವಾ? ಮುಂಬೈಯಲ್ಲಿ 1991ರ ನಿಯಮಗಳಲ್ಲೇ ಬಂತು. ಪುಣೆಯ ಗುಡ್ಡಗಳನ್ನು ಬಿ.ಡಿ.ಪಿ. (ಜೀವವೈವಿಧ್ಯ ಉದ್ಯಾನ) ಅಂತ ಮೀಸಲಿಟ್ಟಾಗಲೂ ಮಾಲೀಕರಿಗೆ ಅದನ್ನೇ ತೋರಿಸಿದರು. ಎಷ್ಟು ಕೊಡಬೇಕು ಎಂಬ ಜಗಳ ಜಾಸ್ತಿ ಆಯಿತು, ಅದು ಬೇರೆ ಮಾತು. ರೆಡ್ ಝೋನ್‌ನ ರೈತರೂ ಒಟ್ಟಾಗಿ ಇದನ್ನೇ ಕೇಳಬಹುದು.

ಈಗ ಏಜೆಂಟರ ವಿಷಯ. ಸ್ಟ್ಯಾಂಪ್ ಪೇಪರ್ ಮೇಲೆ ಅರ್ಧ ಗುಂಟೆ, ಒಂದು ಗುಂಟೆ ಬರೆಸಿಕೊಂಡವನು ತಗಡಿನ ಶೆಡ್ ಹಾಕುತ್ತಾನೆ. ನಾಳೆ ಬುಲ್ಡೋಜರ್ ಬಂದರೆ ಅವನು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ. ಮುಂದೆ ಪರಿಹಾರ ಬಂದರೂ ತುಂಡಾದ ಹೊಲಕ್ಕೆ ಅದನ್ನು ಪಡೆಯುವುದು ಕಷ್ಟ. ತಲಾಠಿ (ಗ್ರಾಮ ಲೆಕ್ಕಿಗ) ಕಚೇರಿಯಿಂದ ಹೊಸ ಸಾತ್‌ಬಾರಾ ತೆಗೆಸಿ, 'ಇತರ ಹಕ್ಕು' ಕಾಲಂನಲ್ಲಿ ಏನಿದೆ ನೋಡಿ. ನಿಮ್ಮ ಗಟ್ ನಂಬರ್ (ಹೊಲದ ಸರ್ವೆ ನಂಬರ್) ಗೆರೆಯ ಒಳಗೆ ಎಷ್ಟು ಬರುತ್ತದೆ ಅಂತ ಕಲೆಕ್ಟರ್ ಕಚೇರಿಯಲ್ಲಿ ಬರಹದಲ್ಲೇ ಕೇಳಿ. ಉತ್ತರ ಬಂದರೆ ಒಂದು ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.