ಕೆಡವುವ ಮುಂಚೆ ಒಂದು ಲೆಕ್ಕ

ಪತ್ರ: ನಾನು ಅಂಕೋಲಾ ಕಡೆಯವಳು. ಸಿವಿಲ್ ಎಂಜಿನಿಯರ್. ಆರು ವರ್ಷದಿಂದ ಬೆಂಗಳೂರಿನಲ್ಲಿ ಹಸಿರು ಕಟ್ಟಡಗಳ ಕೆಲಸ ಮಾಡುತ್ತಿದ್ದೇನೆ. ಕಟ್ಟಡ ಎಷ್ಟು ಕರೆಂಟು, ನೀರು ಉಳಿಸುತ್ತದೆ ಎಂದು ಲೆಕ್ಕ ಹಾಕಿ ಸರ್ಟಿಫಿಕೇಟಿಗೆ ಅಂಕ ಕೂಡಿಸುತ್ತೇನೆ. ಊರಿಗೆ ಬರುವ ಆಸೆ ಇದೆ. ಅಲ್ಲಿ ಈ ಕೆಲಸಕ್ಕೆ ಬೆಲೆ ಇದೆಯೇ? (ಅಂದ ಹಾಗೆ, ಅಜ್ಜನ ಹಂಚಿನ ಮನೆಯನ್ನು ದೀಪಾವಳಿ ಮುಗಿದ ಮೇಲೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸುತ್ತಿದ್ದೇವೆ. ಮಂಗನ ಕಾಟ, ಹಂಚು ಹೊದೆಸಲು ಆಳೂ ಸಿಗುವುದಿಲ್ಲ.)
– ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ: ತಂಗೀ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಕಂಸದೊಳಗಿನ ಆ ಸಾಲಿಗೆ ಬಂದು ನಿಂತೆ.

ನಿಮ್ಮ ಬೆಂಗಳೂರಿನ ಕೆಲಸ ಸಣ್ಣದಲ್ಲ. ಅಳೆಯದೆ ‘ಉಳಿಸಿದ್ದೇವೆ’ ಅನ್ನುವವರನ್ನು ನಂಬಬಾರದು. ಇಂಥ ಸರ್ಟಿಫಿಕೇಟ್ ಕೊಡುವ ಭಾರತೀಯ ಹಸಿರು ಕಟ್ಟಡ ಮಂಡಳಿ 2001ರಲ್ಲಿ ಶುರುವಾಯಿತು. ಇಂಥ ಅಂಕಗಳ ಲೆಕ್ಕ ಬರದಿದ್ದರೆ ಎಷ್ಟೋ ಕಂಪನಿಗಳು ನೀರು, ಕರೆಂಟಿನ ಮಾತೇ ಎತ್ತುತ್ತಿರಲಿಲ್ಲ. ಒಪ್ಪಿದೆ.

ಆದರೆ ಅಜ್ಜನ ಮನೆಗೆ ಲೆಕ್ಕ ಹಾಕಿದ್ದೀರಾ? ಗೋಡೆ ಚಿರೆಕಲ್ಲಿನದು ತಾನೇ? ಕಣಿಯಿಂದ ಕಡಿದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲು ಅದು. 1800-01ರಲ್ಲಿ ಮಲಬಾರು, ಕೆನರಾ ಎಲ್ಲ ತಿರುಗಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ಭಟ್ಟಿಯಲ್ಲಿ ಸುಡಬೇಕಿಲ್ಲದ ಇಟ್ಟಿಗೆ! ಸಿಮೆಂಟಿಗಾದರೆ ಸುಣ್ಣದಕಲ್ಲನ್ನು 1450 ಡಿಗ್ರಿಯಷ್ಟು ಕಾಯಿಸಬೇಕು. ಉರಿಸಿದ ಕಲ್ಲಿದ್ದಲಿನ ಹೊಗೆ ಒಂದು ಕಡೆ, ಸುಣ್ಣದಕಲ್ಲಿನೊಳಗಿಂದಲೇ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಇನ್ನೊಂದು ಕಡೆ. ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಸುಮಾರು 7-8 ಪಾಲು ಸಿಮೆಂಟಿನದೇ. ಇದೆಲ್ಲ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಕೆಡವಲು ಹೊರಟಿದ್ದೀರಲ್ಲ, ಅದೇ ನನಗೆ ಬೇಜಾರು.

ಕಾರವಾರದಲ್ಲಿ ನನ್ನದೂ ಆರ್‌ಸಿಸಿ ಮನೆ. ಸಮುದ್ರಕ್ಕೆ ನಡೆದರೆ ಹತ್ತು ನಿಮಿಷ. ಹದಿನೈದನೇ ಮಳೆಗಾಲಕ್ಕೆ ಬಚ್ಚಲಿನ ಮೇಲಿನ ಗಿಲಾಯಿ ಉಬ್ಬಿತು. ಒಂದು ಬೆಳಿಗ್ಗೆ ಅಂಗೈ ಅಗಲದ ತುಂಡು ಬಕೆಟ್ಟಿಗೆ ಬಿತ್ತು. ತಲೆ ಎತ್ತಿ ನೋಡಿದರೆ ಒಳಗಿನ ಕಬ್ಬಿಣ ಪದರ ಪದರವಾಗಿ ಎದ್ದಿದೆ. ಉಗುರಿನಿಂದ ಕೆರೆದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಉಪ್ಪುಗಾಳಿ ಒಳಹೊಕ್ಕರೆ ಕಬ್ಬಿಣ ತುಕ್ಕು ಹಿಡಿದು ಹಿಗ್ಗುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಆಮೇಲೆ ಸೋರತೊಡಗಿತು. ತಾರಸಿ ಮೇಲೆ ಶೀಟು ಹೊದೆಸಿದೆವು. ನಮ್ಮ ಓಣಿಯಲ್ಲಿ ಈಗ ಶೀಟು ಹೊದೆಸದ ತಾರಸಿ ಮನೆಯನ್ನು ಹುಡುಕಬೇಕು. ಒಂದು ಮನೆಗೆ ಎರಡು ಮಾಡಿನ ಖರ್ಚು!

ಸೆಕೆಯ ಮಾತಂತೂ ಕೇಳಲೇಬೇಡಿ. ಹಗಲೆಲ್ಲ ಕುಡಿದ ಬಿಸಿಲನ್ನು ಸ್ಲ್ಯಾಬು ರಾತ್ರಿ ನಮ್ಮ ಮೇಲೆ ಇಳಿಸುತ್ತದೆ. ಹಂಚೂ ಮಧ್ಯಾಹ್ನ ಕಾಯುತ್ತದೆ, ಇಲ್ಲ ಅನ್ನಲ್ಲ. ಆದರೆ ಹೊತ್ತು ಮುಳುಗಿ ಸ್ವಲ್ಪದರಲ್ಲೇ ತಣಿಯುತ್ತದೆ. ಬಿಸಿಗಾಳಿ ಸಂದಿಯಿಂದ ಮೇಲೆ ಹೋಗುತ್ತದೆ.

ಹಳೇ ಮನೆಯ ವ್ಯಾಮೋಹ ಅಂತೀರಾ? ಮನೆಗಳಲ್ಲಿ ಕರೆಂಟು ಉಳಿಸಲು ಕೇಂದ್ರ ಸರ್ಕಾರ ತಂದ 2018ರ ಇಕೋ ನಿವಾಸ್ ಸಂಹಿತೆ ತೆಗೆದು ನೋಡಿ. ಬೆಂಗಳೂರಿನ ಹವೆಗೆ ನೆಲದ ಎಂಟನೇ ಒಂದು ಭಾಗದಷ್ಟು ತೆರೆಯುವ ಕಿಟಕಿ ಬಾಗಿಲು ಸಾಕು, ನಮ್ಮಂಥ ಬೆವರಿನ ಕರಾವಳಿಗೆ ಆರನೇ ಒಂದು ಭಾಗ ಬೇಕು ಅನ್ನುತ್ತದೆ ಅದು. ಆದರೂ ಊರಿಗೆ ಬರುವುದು ಬೆಂಗಳೂರಿನ ನಕ್ಷೆಯೇ. ಅಲ್ಲಿ ವರ್ಷಕ್ಕೆ 1000 ಮಿ.ಮೀ. ಆಸುಪಾಸು ಮಳೆ, ಕಾರವಾರದಲ್ಲಿ 3000 ದಾಟುತ್ತದೆ. ಎರಡೂ ಕಡೆ ಅದೇ ಪೆಟ್ಟಿಗೆ. ಉದ್ದ ಸೂರಿಲ್ಲ, ಜಗಲಿಯಿಲ್ಲ. ಮಳೆ ನೇರ ಕಿಟಕಿಗೇ ಬಡಿಯುವಾಗ ಅದನ್ನು ತೆರೆಯುವವರು ಯಾರು?

ಮಂಗನ ಕಾಟ ನಿಜ. ಆಳು ಸಿಗದಿರುವುದೂ ನಿಜ. ವರ್ಷಾ ವರ್ಷಾ ಪಾತ್ರೆ ಇಟ್ಟು ಸೋರುವ ನೀರು ಹಿಡಿದ ನಿಮ್ಮ ಅಮ್ಮನಿಗೆ ಸಾಕಾಗಿದ್ದರೆ ಅವರ ತಪ್ಪಿಲ್ಲ. ಆದರೆ ಅದಕ್ಕೇ ಅಲ್ವಾ ಎಂಜಿನಿಯರ್ ಬೇಕಾಗುವುದು? ವರಲೆ ತಿಂದ ಪಕಾಸಿನ (ಹಂಚು ಹೊರುವ ಮರದ ಪಟ್ಟಿ) ಜಾಗಕ್ಕೆ ಕಬ್ಬಿಣದ್ದು ಹಾಕಿ ಹಂಚನ್ನು ತಂತಿಯಿಂದ ಬಿಗಿಯಬಹುದೇ? ಎಷ್ಟು ಗಾಜಿನ ಹಂಚು ಇಟ್ಟರೆ ಕತ್ತಲೆಯ ನಡುಮನೆಗೆ ಬೆಳಕು ಸಾಕು? 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ವಿಜ್ಞಾನವನ್ನು ಹಳ್ಳಿಗೆ ಒಯ್ಯಲು ‘ಅಸ್ತ್ರ’ ಎಂಬ ಕಾರ್ಯಕ್ರಮ ಶುರು ಮಾಡಿದಾಗ ಹಳ್ಳಿಯ ಒಲೆ, ಮಣ್ಣಿನ ಗೋಡೆ ದೊಡ್ಡ ವಿಜ್ಞಾನಿಗಳ ಕೆಲಸವಾದವು. ನಿಮ್ಮಂಥ ಜಾಣೆ ಅದೇ ದಾರಿ ಹಿಡಿದರೆ ನಮ್ಮ ಜಿಲ್ಲೆಗೆ ಎಷ್ಟು ಉಪಕಾರ!

ಕಳೆದ ಮೇನಲ್ಲಿ ಎಪ್ಪತ್ತು ದಾಟಿದ ಮೇಸ್ತ್ರಿಯೊಬ್ಬರು ಹಳೇ ಹಂಚು ಆರಿಸುತ್ತಿದ್ದರು. ಒಂದೊಂದನ್ನೂ ಎಡಗೈಯಲ್ಲಿ ಹಿಡಿದು ಬೆರಳ ಗಂಟಿನಿಂದ ಬಡಿಯುವುದು. ಟಣ್ ಅಂದರೆ ಬಲಕ್ಕೆ, ಸದ್ದು ಒಡೆದರೆ ಎಡಕ್ಕೆ. ನನಗೆ ಬಿರುಕೇ ಕಾಣದ ಹಂಚೊಂದನ್ನು ಅವರು ಎಡಕ್ಕಿಟ್ಟರು. ನೀರು ಹನಿಸಿ ತೋರಿಸಿದರು, ಕೂದಲೆಳೆಯಷ್ಟು ಗೆರೆ ಮೂಡಿತು. ಅವರ ಮಗ ಗೋವಾದಲ್ಲಿ ಡ್ರೈವರ್. ಆ ಕಿವಿ ಅವರ ಜೊತೆಗೇ ಹೋಗುತ್ತದೆ. ನಾಲ್ಕು ವರ್ಷ ಓದಿಸಿದ ನಿಮ್ಮ ಕಾಲೇಜು ಚಿರೆಕಲ್ಲಿನ ಬಗ್ಗೆ ಎಷ್ಟು ಪುಟ ಕಲಿಸಿತು, ನೀವೇ ಹೇಳಿ. ನಮ್ಮ ಮಕ್ಕಳಿಗೆ ಊರ ಕಲ್ಲು ಗೊತ್ತಿಲ್ಲದ ಹಾಗೆ ಪಾಠ ಬರೆದವರ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಬೆಲೆ ಇದೆಯೇ ಅಂತ ಕೇಳಿದಿರಿ. ಬೆಂಗಳೂರಿನಷ್ಟು ಸಂಬಳ ಸಿಗಲಿಕ್ಕಿಲ್ಲ. ಕೆಲಸ ಮಾತ್ರ ಬೇಕಾದಷ್ಟಿದೆ. ದೀಪಾವಳಿಗೆ ಬರುವಾಗ ಎರಡು ಥರ್ಮಾಮೀಟರ್ ತನ್ನಿ. ಒಂದನ್ನು ಅಜ್ಜನ ನಡುಮನೆಯಲ್ಲಿ, ಇನ್ನೊಂದನ್ನು ಪಕ್ಕದ ತಾರಸಿ ಮನೆಯಲ್ಲಿ ತೂಗುಹಾಕಿ. ಮೂರು ದಿನ, ರಾತ್ರಿಯೂ ಸೇರಿಸಿ, ಗಂಟೆಗೊಮ್ಮೆ ಬರೆದಿಡಿ. ಆ ಲೆಕ್ಕ ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇನೆ. ಜೆಸಿಬಿಯವನಿಗೆ ಅಲ್ಲಿವರೆಗೆ ಮುಂಗಡ ಕೊಡಬೇಡಿ. ಮೇಸ್ತ್ರಿಯನ್ನು ನಾನೇ ಕರೆದುಕೊಂಡು ಬರುತ್ತೇನೆ.